ಚುಕ್ಕಾಣಿಗೆ ಮೆದು ಗೂಟ

ಆಳವಿಲ್ಲದ ನೀರಿನಲ್ಲಿ ಹಾಯಿ ಕಟ್ಟುವವನು ಮೊದಲು ಚುಕ್ಕಾಣಿ ನೋಡಬೇಕು, ಹಾಯಿ ಆಮೇಲೆ. ನನಗೆ ಇದು ತಿಳಿಯುವುದಕ್ಕೆ ಭಾವನ ಕೈ ಮುರಿಯಬೇಕಾಯಿತು.

ಐವತ್ತರ ದಶಕದ ಕೊನೆ. ನಾನೂ ನನ್ನ ಹೆಂಡತಿಯ ಅಣ್ಣನೂ ಸೇರಿ ಪಾಣೆಮಂಗಳೂರಿನಲ್ಲಿ ಒಂದು ಸಣ್ಣ ಹಾಯಿದೋಣಿ ಇಟ್ಟುಕೊಂಡಿದ್ದೆವು. ಮಂಗಳೂರಿನ ಬಂದರಿನಿಂದ ಉಪ್ಪು, ಒಣಮೀನು ತರುವುದು. ಮಧ್ಯಾಹ್ನ ಪಡುಗಾಳಿ ಎದ್ದರೆ ನೇತ್ರಾವತಿಯಲ್ಲಿ ಹರಿವಿಗೆ ಎದುರಾಗಿಯೇ ಬರಬಹುದು. ಭಾವನದು ಚುಕ್ಕಾಣಿ, ನನ್ನದು ವ್ಯಾಪಾರ.

ಬೇಸಿಗೆಯಲ್ಲಿ ಕೆಲವು ಕಡೆ ಮೊಣಕಾಲಷ್ಟೇ ನೀರು. ನಮ್ಮ ಹಳೆಯ ಉದ್ದ ಚುಕ್ಕಾಣಿ ಮರಳು ಉಳುತ್ತಿತ್ತು. ಮೆಲ್ಕಾರಿನ ಆಚಾರಿ ಎರಡು ತೋರಿಸಿದರು. ಒಂದು ಗಿಡ್ಡ, ಅಗಲ. ಗಾಳಿಗೆ ದೋಣಿ ವಾಲಿದರೆ ಅದು ನೀರಿನಿಂದ ಮೇಲೆದ್ದು ಕೆಲಸಕ್ಕೆ ಬಾರದು. ಇನ್ನೊಂದು ಎರಡು ತುಂಡಿನದು. ಕೆಳಗಿನ ಹಲಗೆಯನ್ನು ಒಂದು ಮರದ ಗೂಟ ಹಿಡಿದಿರುತ್ತದೆ. ಕಲ್ಲಿಗೆ ತಾಗಿದರೆ ಗೂಟ ಮುರಿದು ಹಲಗೆ ಹಿಂದಕ್ಕೆ ಮಡಚಿಕೊಳ್ಳುತ್ತದೆ. ನಾನು ಎರಡನೆಯದನ್ನೇ ಆರಿಸಿದೆ. ಅಷ್ಟು ಸರಿಯೇ.

ಆದರೆ ಮೂರು ದಿನ ಚೌಕಾಸಿ ಮಾಡಿದ ನನ್ನ ಕಣ್ಣು ಗೂಟದ ಮೇಲೆ ಬಿತ್ತು.

"ಆಚಾರ್ರೆ, ಇಷ್ಟು ಒಳ್ಳೆ ಹೆಬ್ಬಲಸಿನ ಹಲಗೆಗೆ ಪಾಲೆಯಂಥ ಮೆದು ಮರದ ಗೂಟವಾ? ಮಕ್ಕಳ ಆಟವಾ ಇದು?"

"ಅದು ಮುರೀಲಿಕ್ಕೇ ಇರುವುದು ಮಾರಾಯ್ರೆ."

"ಮುರಿಯುವ ಸಾಮಾನು ಮಾರುವುದಕ್ಕೆ ನಿಮಗೆ ನಾನೇ ಸಿಕ್ಕಿದ್ದಾ?"

ಮನೆಗೆ ಬಂದವನೇ ಗೂಟ ತೆಗೆದು ಎಸೆದು ಲಾರಿಯ ಒಂದು ಹಳೆ ಬೋಲ್ಟು ಬಿಗಿದೆ. ಭಾವನಿಗೆ ಹೇಳಲಿಲ್ಲ.

ಮೂರನೆಯ ಪಯಣ. ಗಾಳಿ ಜೋರಿತ್ತು. ಮರಳಿನಡಿಯ ಬಂಡೆಗೆ ಚುಕ್ಕಾಣಿ ಬಡಿಯಿತು; ಬೋಲ್ಟು ಕದಲಲಿಲ್ಲ. ದೋಣಿಯ ಹಿಂಭಾಗ ಅಲ್ಲೇ ನಿಂತಿತು, ಹಾಯಿ ಮುಂಭಾಗವನ್ನು ಗಿರ್ರನೆ ಎಳೆಯಿತು. ಚುಕ್ಕಾಣಿಯ ಹಿಡಿ ತಿರುಗಿ ಭಾವನ ಎದೆಗೆ ಹೊಡೆದು, ಬಲಗೈಯನ್ನು ದೋಣಿಯ ಅಂಚಿಗೆ ಒತ್ತಿ ಹಿಡಿಯಿತು. ಎಲುಬು ಮುರಿದ ಸದ್ದು ನನಗೆ ಕೇಳಿಸಿತು. ದೋಣಿ ಒಂದು ಪಕ್ಕಕ್ಕೆ ಮಗುಚಿಕೊಂಡು ನೀರು ನುಗ್ಗಿತು. ಕೈ ಸಿಕ್ಕಿಬಿದ್ದ ಭಾವನ ಗಲ್ಲದವರೆಗೆ ನೀರು.

"ಹಲಗೆ ಯಾಕೆ ಏಳುವುದಿಲ್ಲ? ಹೊಡೆಯೋ! ಹೊಡೆದು ಒಡೆ!"

ಲಂಗರಿನ ಕಲ್ಲು ಎತ್ತಿ ಚುಕ್ಕಾಣಿಗೆ ಹೊಡೆದೆ. ಮತ್ತೆ ಮತ್ತೆ ಹೊಡೆದೆ. ನನ್ನ ಬೆರಳು ಜಜ್ಜಿ ನೀರು ಕೆಂಪಾಯಿತು. ಬೋಲ್ಟು ಬಿಡಲಿಲ್ಲ, ಕೊನೆಗೆ ಹೆಬ್ಬಲಸಿನ ಹಲಗೆಯೇ ಸೀಳಿ ಹಿಡಿ ಸಡಿಲವಾಯಿತು. ಅಷ್ಟರಲ್ಲಿ ಭಾವ ಎರಡು ಸಲ ನೀರಿನೊಳಗೆ ಹೋಗಿ ಬಂದಿದ್ದರು.

ಮರಳುದಿಣ್ಣೆಗೆ ಎಳೆದು ಹಾಕಿದೆ. ಕೆಮ್ಮಿ ನೀರು ಕಾರಿದ ಮೇಲೆ ಅವರ ಕಣ್ಣು ಒಡೆದ ಚುಕ್ಕಾಣಿಯ ಕಡೆ ಹೋಯಿತು.

"ಗೂಟ ಎಲ್ಲಿ?"

"ಗಟ್ಟಿ ಇರಲಿ ಅಂತ ಭಾವ..."

ಎಡಗೈಯಲ್ಲೇ ಹೊಡೆದರು. ಮುಂದಿನ ಹಲ್ಲೊಂದು ಮರಳಿಗೆ ಬಿತ್ತು.

"ನನ್ನ ಕೈಗಿಂತ ಗಟ್ಟಿ ಬೇಕಿತ್ತಾ ನಿನಗೆ?"

ಅವರ ಬಲಗೈ ಮತ್ತೆ ನೆಟ್ಟಗಾಗಲಿಲ್ಲ. ಇನ್ನು ದೋಣಿ ಹತ್ತಲಾರರು ಎಂದುಕೊಂಡಿದ್ದೆ. ಮಳೆಗಾಲ ಕಳೆದ ಮೇಲೆ ಒಂದು ದಿನ ಚೀಲದ ತುಂಬ ಪಾಲೆ ಗೂಟ ಹಿಡಿದು ದಡಕ್ಕೆ ಬಂದರು. ಒಂದನ್ನು ನನ್ನ ಕೈಗಿಟ್ಟರು.

"ಮಂಡಿಗೆ ಕೊಟ್ಟು ಮುರಿ, ನೋಡುವ."

ಮುರಿದೆ. ಅಂಥದ್ದೇ ಇನ್ನೊಂದನ್ನು ಚುಕ್ಕಾಣಿಯ ಹೊಸ ಹಲಗೆಗೆ ಸಿಕ್ಕಿಸಿದ ಮೇಲೆಯೇ ಅವರು ಹತ್ತಿ ಎಡಗೈಯಲ್ಲಿ ಹಿಡಿ ಹಿಡಿದದ್ದು. ದೋಣಿ ಮಾರುವವರೆಗೂ ಪ್ರತಿ ಪಯಣಕ್ಕೆ ಮೊದಲು ನಾನೊಂದು ಗೂಟ ಮುರಿದು ತೋರಿಸಬೇಕಿತ್ತು.