ಆಕ್ಷೇಪಣೆ ಆಹ್ವಾನಿಸಿದ ಖಳನಾಯಕಿ

ಪ್ರತಿ ಭಾನುವಾರ ಮಧ್ಯಾಹ್ನ ಮೂರರಿಂದ ಐದರವರೆಗೆ ನಾನು ಬಹಳ ಕೆಟ್ಟ ಹೆಂಗಸು. ಉಳಿದ ಹೊತ್ತಿನಲ್ಲಿ ಹೇಗೆ ಎಂದು ನಮ್ಮ ಮನೆಯವರನ್ನು ಮಾತ್ರ ಕೇಳಬೇಡಿ. ಅವರು ಪೇಪರಿನ ಹಿಂದಿನಿಂದ ತಲೆ ಎತ್ತದೆಯೇ "ಅಂಥಾ ವ್ಯತ್ಯಾಸ ಏನಿಲ್ಲ" ಎಂದುಬಿಡುತ್ತಾರೆ. ಆದರೆ ಭಾನುವಾರದ ಕೆಟ್ಟತನ ಅಧಿಕೃತವಾದದ್ದು. ಸಂಜಯನಗರದ ನಮ್ಮ ಮನೆಯ ಡೈನಿಂಗ್ ಟೇಬಲ್ಲಿನ ಒಂದು ತುದಿಯಲ್ಲಿ ಕುಳಿತು, ಹದಿನೈದು ವರ್ಷದ ಮೂವರು ಮಕ್ಕಳ ಎದುರಿನಲ್ಲೇ, ಯಲಹಂಕದಿಂದ ಯಶವಂತಪುರದವರೆಗಿನ ಊರನ್ನೆಲ್ಲ ಕೈವಶ ಮಾಡಿಕೊಳ್ಳುವ ಸಂಚು ಹೂಡುತ್ತೇನೆ.

ಇದೊಂದು ಕಥೆ ಕಟ್ಟುವ ಆಟ. ಮಣೆ ಇಲ್ಲ, ಕಾಯಿ ಇಲ್ಲ. ಒಬ್ಬೊಬ್ಬರ ಮುಂದೆ ಒಂದು ಹಾಳೆ, ನಡುವೆ ಇಪ್ಪತ್ತು ಮುಖದ ಒಂದು ದಾಳ, ಅಷ್ಟೆ. ಮಕ್ಕಳೆಲ್ಲ ಅತಿಮಾನುಷ ಶಕ್ತಿಯಿರುವ ಹುಡುಗ ಹುಡುಗಿಯರಾಗುತ್ತಾರೆ. ನನ್ನ ಮಗಳು ಇಂಚರ ಹಾರಬಲ್ಲಳು. ಆರ್.ಟಿ. ನಗರದ ಸಾನಿಯಾ ಗೋಡೆಯೊಳಗಿಂದ ತೂರಿಹೋಗಬಲ್ಲಳು. ಮತ್ತಿಕೆರೆಯ ತೇಜಸ್ ಚಲಿಸುವ ಯಾವುದೇ ವಸ್ತುವನ್ನು ಹತ್ತು ಸೆಕೆಂಡು ನಿಲ್ಲಿಸಬಲ್ಲ. ಆಟ ನಡೆಸುವವರು ಇವರ ಎದುರಿಗೆ ಒಬ್ಬ ಖಳನನ್ನು ತಂದು ನಿಲ್ಲಿಸಬೇಕು, ಅವನ ಪರವಾಗಿ ಮಾತಾಡಬೇಕು. ಮಕ್ಕಳು ಮಾಡಲು ಹೊರಟ ಕೆಲಸ ಆಯಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಹತ್ತಕ್ಕಿಂತ ಮೇಲೆ ಬಿದ್ದರೆ ಆಯಿತು, ಇಲ್ಲವಾದರೆ ಇಲ್ಲ.

ಇಷ್ಟು ದಿನ ಆಟ ನಡೆಸುತ್ತಿದ್ದವಳು ತೇಜಸ್‌ನ ಅಕ್ಕ. ಅವಳಿಗೆ ಎಂಜಿನಿಯರಿಂಗಿನ ಕೊನೆಯ ವರ್ಷದ ಪರೀಕ್ಷೆ ಬಂದು ಕೈಬಿಟ್ಟಳು. ಮಕ್ಕಳು ಮುಂದೇನು ಎಂದು ತಲೆ ಕೆರೆದುಕೊಳ್ಳುತ್ತಿದ್ದಾಗ ನಾನು ಅಡುಗೆಮನೆಯಲ್ಲಿ ಅವಲಕ್ಕಿಗೆ ಒಗ್ಗರಣೆ ಹಾಕುತ್ತಿದ್ದೆ.

"ಆಂಟಿ ಗೌರ್ಮೆಂಟ್ ಆಫೀಸಲ್ಲಿ ಯೋಜನೆ ಬರೀತಾರಲ್ಲ ಮಚ್ಚಾ, ಅವರನ್ನೇ ಕೇಳೋಣ," ಎಂದ ತೇಜಸ್.

ಇಂಚರ ಸ್ವಲ್ಪ ಯೋಚಿಸಿ ಒಳಗೆ ಬಂದಳು. "ಒಂದೇ ಕಂಡಿಷನ್ ಅಮ್ಮ. ವಿಲನ್ ಬೋರ್ ಹೊಡೆಸಿದ್ರೆ ಮುಂದಿನ ವಾರದಿಂದ ನಾವು ಸಾನಿಯಾ ಮನೇಲಿ ಬೇರೆ ಏನಾದ್ರೂ ಆಡ್ತೀವಿ."

ನಲವತ್ತೇಳು ವರ್ಷದ ಹೆಂಗಸು ಈ ಬೆದರಿಕೆಗೆ ಯಾಕೆ ಬೆವರಬೇಕು ಎಂದು ನಿಮಗನ್ನಿಸಬಹುದು. ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಹದಿನೈದು ತುಂಬಿದ ಮೇಲೆ ನನ್ನ ಮಗಳ ಮಾತೆಲ್ಲ "ಹೂಂ", "ಗೊತ್ತಿಲ್ಲ", "ಆಮೇಲೆ" ಎಂಬ ಮೂರಕ್ಕೆ ಇಳಿದಿತ್ತು. ಈ ವರ್ಷ ಅವಳು ನನ್ನೊಂದಿಗೆ ಆಡಿದ ಒಂದೇ ಒಂದು ಉದ್ದನೆಯ ವಾಕ್ಯವೆಂದರೆ, ಯಶವಂತಪುರದಲ್ಲಿರುವ ತನ್ನ ಡ್ರಾಯಿಂಗ್ ಕ್ಲಾಸಿಗೆ ಇನ್ನು ಮೇಲೆ ಶನಿವಾರ ಬಸ್ಸಿನಲ್ಲಿ ಒಬ್ಬಳೇ ಹೋಗಿ ಬರುತ್ತೇನೆ ಎಂಬುದು. ನಾನು "ನೋಡೋಣ" ಎಂದೆ. ನಮ್ಮ ಕಚೇರಿಯಲ್ಲಿ "ನೋಡೋಣ" ಎಂದರೆ ಕಡತ ಬೀರುವಿನ ಮೇಲಕ್ಕೆ ಹೋಯಿತು ಎಂದೇ ಅರ್ಥ. ಅವಳು ಕಚೇರಿಯವಳ ಮಗಳು, ಅರ್ಥ ಮಾಡಿಕೊಂಡಳು. ಅಂದಿನಿಂದ "ಆಮೇಲೆ" ಕೂಡ ನಿಂತುಹೋಯಿತು. ಶನಿವಾರ ನಾನೇ ಸ್ಕೂಟರಿನಲ್ಲಿ ಅವಳನ್ನು ಬಿಡುವುದು, ಕ್ಲಾಸು ಮುಗಿಯುವವರೆಗೆ ಹೊರಗಿನ ಹೊಂಗೆ ಮರದ ಕೆಳಗೆ ಸ್ಕೂಟರಿನ ಮೇಲೆಯೇ ಕುಳಿತಿದ್ದು ವಾಪಸು ಕರೆತರುವುದು ನಡೆದೇ ಇತ್ತು. ಹೀಗಿರುವಾಗ ವಾರಕ್ಕೆ ಎರಡು ಗಂಟೆ ಅವಳು ನನ್ನ ಮುಖ ನೋಡಿ ಮಾತಾಡುವ ಯೋಗ ತಾನಾಗಿ ಮನೆ ಬಾಗಿಲಿಗೆ ಬಂದಿತ್ತು. ಅದನ್ನು ಕಳೆದುಕೊಳ್ಳಲು ನನಗೆ ಸುತರಾಂ ಮನಸ್ಸಿರಲಿಲ್ಲ.

ಆದರೆ ನಮ್ಮೂರಿನಲ್ಲಿ ಖಳನಾಗುವುದು ಎಷ್ಟು ಕಷ್ಟ ಎಂಬುದು ಸಂಚು ಹೂಡಲು ಕುಳಿತಾಗಲೇ ಗೊತ್ತಾದದ್ದು. ಮೊದಲ ವಾರ, ಹೆಬ್ಬಾಳದ ಮೇಲ್ಸೇತುವೆಯ ಮೇಲೆ ಸಕಲ ವಾಹನಗಳನ್ನೂ ಮೂರು ಗಂಟೆ ನಿಲ್ಲಿಸಿಬಿಡುವ ದುರುಳನೊಬ್ಬನನ್ನು ತಂದೆ. ಮೂವರೂ ನನ್ನನ್ನು ಮರುಕದಿಂದ ನೋಡಿದರು. "ಆಂಟಿ, ಅದು ವಿಲನ್ ಇಲ್ದೇನೇ ಆಗುತ್ತಲ್ಲ," ಎಂದಳು ಸಾನಿಯಾ. ಎರಡನೇ ವಾರದ ದುರುಳ ಒಂದೇ ದಿನದಲ್ಲಿ ಎಲ್ಲ ರಸ್ತೆಗಳನ್ನೂ ಅಗೆದು ಹಾಕಿದ. ತೇಜಸ್ ಆಕಳಿಸಿದ. ಇಂಚರ ಇನ್ನೊಂದೇ ಒಂದು ವಾರ ಗಡುವು ಕೊಟ್ಟಳು. ನೀರು ನಿಲ್ಲಿಸಿದರೆ ಟ್ಯಾಂಕರ್ ಬರುತ್ತದೆ, ಕರೆಂಟು ತೆಗೆದರೆ ಯುಪಿಎಸ್ ಇದೆ. ಕೇಡಿಗ ಮಾಡಬೇಕಾದ ಕೇಡನ್ನೆಲ್ಲ ಯಾರೂ ಉದ್ದೇಶಿಸದೆಯೇ ಮಾಡಿ ಮುಗಿಸಿರುವ ಊರಿನಲ್ಲಿ ಪಾಪ, ಅವನಿಗೆ ಕೆಲಸವೇ ಇಲ್ಲ.

ನಮ್ಮ ಪುರಾಣದ ರಾಕ್ಷಸರು ಈ ವಿಷಯದಲ್ಲಿ ಪುಣ್ಯವಂತರು. ಒಂಟಿ ಕಾಲಿನ ಮೇಲೆ ನಿಂತು ವರ್ಷಗಟ್ಟಲೆ ತಪಸ್ಸು ಮಾಡುತ್ತಿದ್ದರು, ದೇವರು ಬಂದರೆ ವರ ಕೇಳುತ್ತಿದ್ದರು. ಇಷ್ಟು ಶಿಸ್ತಿನ ಜನ ವರದ ಕರಡು ಬರೆಯುವಾಗ ಮಾತ್ರ ಎಡವುತ್ತಿದ್ದರು ಎಂಬುದು ನನ್ನ ಇಪ್ಪತ್ತೆರಡು ವರ್ಷದ ಗುಮಾಸ್ತಿಕೆಯ ಕಣ್ಣಿಗೆ ಎದ್ದು ಕಾಣುತ್ತದೆ. ಹಗಲೂ ಅಲ್ಲ, ಇರುಳೂ ಅಲ್ಲ ಎಂದು ಬರೆದವನು ಮುಸ್ಸಂಜೆಯನ್ನು ಸೇರಿಸಲು ಮರೆಯುತ್ತಾನೆ. ಪಕ್ಕದಲ್ಲಿ ಕರಡು ತಿದ್ದುವ ಒಬ್ಬ ಹೆಂಗಸಿದ್ದಿದ್ದರೆ ಎಷ್ಟೋ ಅವತಾರಗಳ ಅಗತ್ಯವೇ ಬೀಳುತ್ತಿರಲಿಲ್ಲ.

ನನ್ನ ತಾತ ಯಲಹಂಕದ ಆಚೆಯ ಹಳ್ಳಿಯವರು. ಊರ ನಾಟಕದಲ್ಲಿ ಯಾವಾಗಲೂ ರಾಕ್ಷಸನ ವೇಷ ಅವರದೇ. ಮನೆಯಲ್ಲಿ ಅಂಗಳಕ್ಕೆ ಬಂದ ಕೋಳಿಯನ್ನು ಕೂಡ ಗದರದ ಮನುಷ್ಯ. ನಿನಗೆ ಅಷ್ಟು ಕೋಪ ಎಲ್ಲಿಂದ ಬರುತ್ತೆ ತಾತ ಎಂದು ಒಮ್ಮೆ ಕೇಳಿದ್ದೆ. "ಕೋಪ ಯಾಕವ್ವ ಬೇಕು? ರಾಕ್ಸಸ ತಾನು ಮಾಡ್ತಿರೋದೇ ಸರಿ ಅಂತ ನಂಬ್ಕಂಡಿರ್ತಾನೆ. ನಾನೂ ಅಂಗೇ ನಂಬ್ಕಂಡು ನಿಂತ್ಕತೀನಿ, ಅಷ್ಟೇಯ," ಎಂದಿದ್ದರು. ಮೂರನೇ ವಾರ ಅದು ನೆನಪಾಗಿ ನನಗೆ ದಾರಿ ಕಾಣಿಸಿತು. ಕೇಡು ಮಾಡುವ ಖಳನಿಗೆ ಇಲ್ಲಿ ಜಾಗವಿಲ್ಲದಿದ್ದರೆ ಒಳ್ಳೆಯದು ಮಾಡುವ ಖಳನನ್ನು ತರಬೇಕು.

ಹಾಗೆ ಹುಟ್ಟಿದವಳು ಕ್ಷೇಮಂಕರಿ. ಅವಳಿಗೆ ಊರಿನ ಮಕ್ಕಳ ಮೇಲೆ ಅಪಾರ ಅಕ್ಕರೆ. ಹದಿನೆಂಟು ತುಂಬದ ಪ್ರತಿಯೊಬ್ಬರ ಸೊಂಟಕ್ಕೂ, ಅವರು ನಿದ್ರೆಯಲ್ಲಿರುವಾಗ, ಕಣ್ಣಿಗೆ ಕಾಣದ ಒಂದು ಬೆಳಕಿನ ದಾರ ಕಟ್ಟುವುದು ಅವಳ ಯೋಜನೆ. ದಾರದ ಇನ್ನೊಂದು ತುದಿ ಅವರವರ ಮನೆಯಲ್ಲಿರುತ್ತದೆ. ಮಗು ಬೀಳಲು ಹೋದರೆ, ದಾರಿ ತಪ್ಪಿದರೆ, ಅಪರಿಚಿತರ ಜೊತೆ ಮಾತಾಡಿದರೆ ದಾರ ಮೆಲ್ಲನೆ ಹಿಂದಕ್ಕೆಳೆಯುತ್ತದೆ. ಮೊದಲ ಹಂತ ಆರ್.ಟಿ. ನಗರ, ಎರಡನೇ ಹಂತ ಸಂಜಯನಗರ ಮತ್ತು ಮತ್ತಿಕೆರೆ. ಮಕ್ಕಳು ಒಬ್ಬರೇ ಹೊರಗೆ ಹೋದರೆ ಎದುರಾಗಬಹುದಾದ ಹನ್ನೊಂದು ಅಪಾಯಗಳ ಪಟ್ಟಿಯನ್ನು ಅನುಬಂಧವಾಗಿ ಲಗತ್ತಿಸಿದೆ. ಆ ಪಟ್ಟಿ ಬರೆಯಲು ನನಗೆ ಹತ್ತು ನಿಮಿಷವೂ ಹಿಡಿಯಲಿಲ್ಲ. ಕಚೇರಿಯ ಹಳೆಯ ಮೇಲಧಿಕಾರಿಯೊಬ್ಬರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದೆ ಎಂದೇ ನಾನು ನಂಬಿದ್ದೆ.

ಭಾನುವಾರ ಕ್ಷೇಮಂಕರಿಯ ಯೋಜನೆಯನ್ನು ಗಟ್ಟಿಯಾಗಿ ಓದಿದೆ. ಮೂವರೂ ಅವಲಕ್ಕಿ ತಟ್ಟೆ ಪಕ್ಕಕ್ಕಿಟ್ಟು ಕೇಳುತ್ತಿದ್ದರು. ಆ ಹುಮ್ಮಸ್ಸಿನಲ್ಲಿ ಕೊನೆಯ ಪುಟಕ್ಕೆ ಬಂದು ಅದನ್ನೂ ಓದಿಬಿಟ್ಟೆ: "ಸದರಿ ಯೋಜನೆಗೆ ಸಾರ್ವಜನಿಕರಿಂದ ಆಕ್ಷೇಪಣೆಗಳಿದ್ದಲ್ಲಿ ಮೂವತ್ತು ದಿನಗಳೊಳಗಾಗಿ ಲಿಖಿತವಾಗಿ ಸಲ್ಲಿಸತಕ್ಕದ್ದು." ಓದಿದ ಮೇಲೆಯೇ ನನಗೆ ಗೊತ್ತಾದದ್ದು. ಇಪ್ಪತ್ತೆರಡು ವರ್ಷಗಳಿಂದ ಆ ಸಾಲಿಲ್ಲದೆ ನಾನು ಒಂದು ಯೋಜನೆಯನ್ನೂ ಮುಗಿಸಿದವಳಲ್ಲ. ಕೈ ತನ್ನ ಪಾಡಿಗೆ ತಾನು ಬರೆದಿತ್ತು.

"ವಿಲನ್ನೇ ಆಬ್ಜೆಕ್ಷನ್ ಕೇಳ್ತಿದಾಳಾ?" ಎಂದ ತೇಜಸ್.

"ಕೇಳ್ಬಾರ್ದು ಅಂತ ಏನಿಲ್ವಲ್ಲ," ಎಂದೆ, ಮುಖ ಗಂಭೀರ ಮಾಡಿಕೊಂಡು. ಇಷ್ಟು ಓದಿದ ಮೇಲೆ ಹಿಂದೆಗೆಯುವ ಹಾಗಿರಲಿಲ್ಲ.

"ಸರಿ ಹಾಗಾದ್ರೆ," ಎಂದಳು ಇಂಚರ. "ನಾವು ಫೈಟ್ ಮಾಡಲ್ಲ. ಬರ್ದು ಕೊಡ್ತೀವಿ."

ಯಶವಂತಪುರ ಸ್ಟೇಷನ್ನಿನ ಹಳಿಗಳ ಮೇಲೆ ನಡೆಯಬೇಕಾದ ಘನಘೋರ ಹೋರಾಟವೊಂದನ್ನು ವಾರವಿಡೀ ಕಷ್ಟಪಟ್ಟು ಕಟ್ಟಿಟ್ಟಿದ್ದೆ. ಅದು ಮೂಲೆ ಸೇರಿತು. ಮೂವತ್ತು ದಿನವನ್ನು ಏಳು ದಿನಕ್ಕೆ ಇಳಿಸಿಕೊಂಡು, ಮುಂದಿನ ಭಾನುವಾರ ಅಹವಾಲು ಸಭೆ ಎಂದು ಗೊತ್ತುಮಾಡಿದೆವು.

ಸಭೆಗೆ ನಾನು ಕನ್ನಡಕವನ್ನು ಮೂಗಿನ ತುದಿಗಿಳಿಸಿಕೊಂಡು ಕುಳಿತೆ. ಆಕ್ಷೇಪಣೆಗಳನ್ನು ವಿಲೇವಾರಿ ಮಾಡುವ ವಿದ್ಯೆ ನನಗೆ ಯಾರೂ ಕಲಿಸಬೇಕಾಗಿಲ್ಲ. ತೇಜಸ್ ಎದ್ದು ನಿಂತು, ಮತ್ತಿಕೆರೆಯ ಕಾಲೇಜು ಬಿಡುವ ಹೊತ್ತಿಗೆ ಸಾವಿರಾರು ದಾರಗಳು ಸಿಕ್ಕುಬಿದ್ದರೆ ಬಿಡಿಸುವವರು ಯಾರು ಎಂದು ಕೇಳಿದ. ತಜ್ಞರ ಸಮಿತಿ ರಚಿಸಲಾಗುವುದು ಎಂದೆ. ದಾಳ ಆರು ಬಿತ್ತು. ಸಾನಿಯಾ, ತಾನು ಗೋಡೆಯೊಳಗೆ ಹೋದಾಗ ದಾರ ತುಂಡಾದರೆ ಗತಿಯೇನು ಎಂದಳು. ಗೋಡೆ ಪ್ರವೇಶಿಸುವ ಮುನ್ನ ಪೂರ್ವಾನುಮತಿ ಪಡೆಯತಕ್ಕದ್ದು ಎಂದೆ. ದಾಳ ಒಂಬತ್ತು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಿಜ ಹೇಳಬೇಕೆಂದರೆ ಕಚೇರಿಯಲ್ಲಿ ಕೂಡ ನನಗೆ ಇಷ್ಟು ಸುಖವಾದ ದಿನ ಸಿಕ್ಕಿರಲಿಲ್ಲ.

ಆಮೇಲೆ ಇಂಚರ ನೋಟ್ ಪುಸ್ತಕದಿಂದ ಹರಿದ ಹಾಳೆಯೊಂದನ್ನು ಬಿಡಿಸಿ ಓದಿದಳು.

"ಕ್ಷೇಮಂಕರಿಯವರ ಲಿಸ್ಟಲ್ಲಿ ಹನ್ನೊಂದು ಅಪಾಯ ಇದೆ. ಹನ್ನೊಂದನ್ನೂ ಓದಿದೀನಿ. ಇದರಲ್ಲಿ ನನಗೆ ಆಗಿರೋದು ಒಂದೂ ಇಲ್ಲ. ಕ್ಷೇಮಂಕರಿಯವರಿಗೆ ಮಾತ್ರ ಮನಸ್ಸಲ್ಲೇ ಹನ್ನೊಂದೂ ಆಗಿಹೋಗಿದೆ. ಅವರು ನಿದ್ದೆ ಮಾಡಲ್ಲ, ಮರದ ಕೆಳಗೆ ಕಾಯ್ತಾ ಕೂತಿರ್ತಾರೆ, ಫೋನ್ ಕೈಯಿಂದ ಕೆಳಗೆ ಇಡಲ್ಲ. ನಮಗೆ ದಾರ ಬೇಡ. ಭಯ ಯಾರಿಗಿದೆಯೋ ಅವರಿಗೇ ಕಟ್ಟಿ."

ಸಾನಿಯಾ ಮೇಜಿನ ಮೇಲಿನ ಅವಲಕ್ಕಿ ಚೂರುಗಳನ್ನು ಒಂದೊಂದಾಗಿ ಹೆಕ್ಕತೊಡಗಿದಳು. ಮರದ ಕೆಳಗೆ ಕಾಯುವ ಅಭ್ಯಾಸ ನನ್ನ ಹಳೆಯ ಮೇಲಧಿಕಾರಿಗೆ ಇರಲಿಲ್ಲ ಎಂಬುದು ನನಗೂ ಹೊಳೆಯಿತು. ನಾಚಿಕೆಯೂ ಆಯಿತು, ಮಗಳು ಎಷ್ಟು ಚೆನ್ನಾಗಿ ಬರೆದಿದ್ದಾಳೆ ಎಂದು ಹೆಮ್ಮೆಯೂ ಆಯಿತು. ಎರಡೂ ಒಟ್ಟಿಗೆ ಬಂದಾಗ ಮುಖವನ್ನು ಹೇಗಿಟ್ಟುಕೊಳ್ಳಬೇಕೆಂದು ನನಗೆ ತಿಳಿಯಲಿಲ್ಲ.

ಇಂಚರ ದಾಳ ಉರುಳಿಸಿದಳು. ಮೂರು ಬಿತ್ತು.

"ಇನ್ನೊಂದ್ ಸಲ ಹಾಕ್ಲಿ ಬಿಡಿ ಆಂಟಿ," ಎಂದಳು ಸಾನಿಯಾ.

"ಬೇಡ," ಎಂದಳು ಇಂಚರ. "ಮೂರು ಅಂದ್ರೆ ಮೂರು."

ನಿಯಮದ ವಿಷಯದಲ್ಲಿ ಅವಳು ನನ್ನ ಮಗಳೇ. "ಪರಿಶೀಲಿಸಲಾಯಿತು, ತಿರಸ್ಕರಿಸಲಾಗಿದೆ," ಎಂದು ಕ್ಷೇಮಂಕರಿ ಹೇಳಿದಳು, ಧ್ವನಿ ಮಾತ್ರ ಸ್ವಲ್ಪ ಕುಗ್ಗಿತ್ತು. ಇನ್ನು ಬೇರೆ ದಾರಿಯಿಲ್ಲವೆಂದು ಮೂವರೂ ಯುದ್ಧಕ್ಕೆ ಇಳಿದರು. ಸಾನಿಯಾ ಗೋಡೆ ತೂರಿ ಒಳಗೆ ಹೋದಳು, ತೇಜಸ್ ದಾರ ನೂಲುವ ಯಂತ್ರವನ್ನು ಹತ್ತು ಸೆಕೆಂಡು ನಿಲ್ಲಿಸಿದ, ಇಂಚರ ಮೇಲಿನಿಂದ ಹಾರಿ ಬಂದು ದಾರಗಳನ್ನೆಲ್ಲ ಕತ್ತರಿಸಿದಳು. "ಎಲ್ಲ ನಿಮ್ಮ ಒಳ್ಳೇದಕ್ಕೇ ಕಣ್ರೋ" ಎನ್ನುತ್ತಲೇ ಕ್ಷೇಮಂಕರಿ ಸೆರೆಯಾದಳು. ಐದು ಗಂಟೆಗೆ ತೇಜಸ್ ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತ, "ಬೋರ್ ಏನ್ ಆಗ್ಲಿಲ್ಲ ಆಂಟಿ," ಎಂದು ತೀರ್ಪು ಕೊಟ್ಟ.

ಎಲ್ಲರೂ ಹೋದ ಮೇಲೆ ಮೇಜಿನ ಮೇಲೆ ಇಂಚರಳ ಹಾಳೆ ಉಳಿದಿತ್ತು. ಬಂದ ಅರ್ಜಿಯನ್ನು ಷರಾ ಬರೆಯದೆ ಬಿಡುವುದು ನಮ್ಮ ಕೆಲಸದವರಿಗೆ ಆಗದ ಮಾತು. ಅಂಚಿನಲ್ಲಿ "ಮರುಪರಿಶೀಲಿಸಿ ಒಪ್ಪಲಾಗಿದೆ. ಬರುವ ಶನಿವಾರದಿಂದ ಜಾರಿ" ಎಂದು ಬರೆದು, ಸಹಿ ಮಾಡಿ, ದಿನಾಂಕ ಹಾಕಿ, ಅವಳ ಸ್ಕೂಲ್ ಬ್ಯಾಗಿನ ಮೇಲಿಟ್ಟೆ. ಬಾಯಲ್ಲಿ ಹೇಳಲು ಧೈರ್ಯವಿರಲಿಲ್ಲ, ಬರೆದರೆ ಹಿಂದಕ್ಕೆ ತೆಗೆದುಕೊಳ್ಳಲಾಗದು ಎಂಬುದೂ ಗೊತ್ತಿತ್ತು.

ಸೋಮವಾರ ಬೆಳಿಗ್ಗೆ ಅವಳು ಅದನ್ನು ನಿಂತುಕೊಂಡೇ ಎರಡು ಸಲ ಓದಿದಳು. "ಷರತ್ತು ಏನಿಲ್ವಾ?"

"ಬಸ್ ಹತ್ತಿದಾಗ ಒಂದು ಫೋನು, ಇಳಿದಾಗ ಒಂದು ಫೋನು."

"ಇಳಿದಾಗ ಮಾತ್ರ."

ಒಪ್ಪಿಕೊಂಡೆ.

ಶನಿವಾರ ಮೂರಕ್ಕೆ ಹೊರಟವಳು ಯಶವಂತಪುರದಲ್ಲಿ ಇಳಿದು ಸರಿಯಾಗಿ ಫೋನು ಮಾಡಿದಳು. ಕ್ಲಾಸು ಮುಗಿಯುವುದು ಐದಕ್ಕೆ, ಐದೂಮುಕ್ಕಾಲಿಗೆಲ್ಲ ಮನೆಯಲ್ಲಿರಬೇಕಿತ್ತು. ಆರಾದರೂ ಫೋನಿಲ್ಲ. ನಾನು ಗೇಟಿಗೂ ಒಲೆಗೂ ಓಡಾಡಿದೆ, ಗಿಡಕ್ಕೆ ಹಾಕಿದ ನೀರನ್ನೇ ಮತ್ತೆ ಹಾಕಿದೆ. ಮನೆಯವರು ಪೇಪರು ಮಡಿಸಿಟ್ಟು ತಾವೂ ಗೇಟಿಗೆ ಬಂದು ನಿಂತಾಗ ನನಗೆ ನಿಜವಾಗಿ ಭಯವಾಯಿತು. ಆರೂಕಾಲಿಗೆ ಫೋನು ಬಂತು.

"ಅಮ್ಮ, ಹೆಬ್ಬಾಳದಲ್ಲಿ ಇಳಿದೆ. ವಾಪಸ್ ಬಸ್ ಹಿಡಿದು ಬರ್ತೀನಿ."

ಹೆಬ್ಬಾಳವೆಂದರೆ ನಮ್ಮ ಸ್ಟಾಪು ಎಷ್ಟೋ ಹಿಂದೆ ಉಳಿಯಿತು. ಅವಳು ಬರುವಷ್ಟರಲ್ಲಿ ನಾನು ಬೈಗುಳವನ್ನು ಸಿದ್ಧಮಾಡಿಕೊಂಡೆ. ಅದಕ್ಕೂ ಮೊದಲ ಹಂತ, ಎರಡನೇ ಹಂತ ಎಲ್ಲ ಇತ್ತು. ಇಂಚರ ಗೇಟು ತೆಗೆದು ಒಳಗೆ ಬಂದಳು. ಕೂದಲು ಕೆದರಿತ್ತು, ಮುಖ ಕೆಂಪಗಾಗಿತ್ತು.

"ಕಿಟಕಿ ಪಕ್ಕ ಸೀಟ್ ಸಿಕ್ತು," ಎಂದಳು. "ನೋಡ್ತಾ ನೋಡ್ತಾ ನಮ್ಮ ಸ್ಟಾಪ್ ಹೋಗೇಬಿಡ್ತು."

ನಾನು ಬೈಯಲೆಂದೇ ಬಾಯಿ ತೆರೆದದ್ದು. ಹೊರಗೆ ಬಂದದ್ದು ಮಾತ್ರ, "ಯಾವ ಕಡೆ ಕಿಟಕಿ?"

"ಎಡಗಡೆ," ಎಂದ ಅವಳು ಚಪ್ಪಲಿ ಬಿಡುತ್ತಲೇ ಬಸ್ಸಿನ ಕಥೆ ಶುರು ಮಾಡಿದಳು, ನನ್ನ ಹಿಂದೆಯೇ ಅಡುಗೆಮನೆಗೆ ಬಂದು ಕಟ್ಟೆಯ ಮೇಲೆ ಕುಳಿತಳು. ಸಾರಿಗೆ ಒಗ್ಗರಣೆ ಬಿದ್ದು, ಮೂವರ ಊಟವಾಗಿ, ತಟ್ಟೆಗಳನ್ನು ತೊಳೆದಿಟ್ಟರೂ ಅವಳ ಬಸ್ಸು ಇನ್ನೂ ಮತ್ತಿಕೆರೆ ದಾಟಿರಲಿಲ್ಲ.