ಬೀಪಾತುಮ್ಮ ಕಟ್ಟಿದ ಮರದ ಮಿಲ್ಲು

ಪಾಣೆಮಂಗಳೂರಿನ ಆ ಬ್ಯಾರಿ ಮುಸ್ಲಿಮರ ಬೀದಿಯಲ್ಲಿ ಬೀಪಾತುಮ್ಮನ ಬಾಯಿಗೆ ಹೆದರದ ಜೀವಗಳು ಎರಡೇ. ಒಂದು ಆಕೆಯ ಗಂಡ ಉಮ್ಮರ್, ಇನ್ನೊಂದು ಮನೆಯ ಬೆಕ್ಕು. ಬೀಡಿ ಕಟ್ಟಲು ಎಲೆ ಕೊಡುವ ಬ್ರಾಂಚಿನಲ್ಲಿ ತೂಗುವವನು ಒಂದು ಹಿಡಿ ಕಡಿಮೆ ಹಾಕಿದರೆ ಸಾಕು, ಆಕೆಯ ಸ್ವರ ಹೊಳೆಯ ಸೇತುವೆಯವರೆಗೆ ಕೇಳುತ್ತಿತ್ತು. ಬಾಯಿ ಹಾಗಿದ್ದರೂ ಕೈ ಮಾತ್ರ ಬೇರೆಯದೇ. ಹತ್ತನೇ ವಯಸ್ಸಿನಿಂದ ಬೀಡಿ ಕಟ್ಟಿದ ಬೆರಳುಗಳು. ಎಲೆ ಹರವಿದ ಮೊರ, ಆ ತಡ್ಪೆಯನ್ನು ಮಡಿಲಲ್ಲಿಟ್ಟು ಕುಳಿತಳೆಂದರೆ ಎಲೆ ಸುರುಳಿಯಾದದ್ದು ಯಾವಾಗ, ನೂಲು ಸುತ್ತಿದ್ದು ಯಾವಾಗ ಎಂದು ಎದುರು ಕೂತವರಿಗೂ ತಿಳಿಯುತ್ತಿರಲಿಲ್ಲ.

ಆ ಬಾಯಿ ಮಿತಿ ಮೀರಿದ್ದು ಒಂದೇ ಒಂದು ಸಲ, ೧೯೯೪ರಲ್ಲಿ.

ಉಮ್ಮರ್ ಆಗ ಊರಿನ ಮರದ ಮಿಲ್ಲಿನಲ್ಲಿ ಬ್ಲೇಡಿನ ಪಕ್ಕ ನಿಂತು ಮರ ಕೊಯ್ಯಿಸುವವನು. ದಿಮ್ಮಿ ಹೇರಿದ ಟ್ರಾಲಿಯನ್ನು ಹಳಿಯ ಮೇಲೆ ತಳ್ಳುವವನು ಭೋಜ. ಆ ಗದ್ದಲದಲ್ಲಿ ಮಾತು ಎಲ್ಲಿ ಕೇಳಬೇಕು? ಇಬ್ಬರ ನಡುವೆ ಕೈಸನ್ನೆಯೇ ಮಾತು. ಉಮ್ಮರ್ ಎಡಗೈ ಎತ್ತಿದರೆ ನಿಲ್ಲಿಸು, ಇಳಿಸಿದರೆ ತಳ್ಳು. ಹದಿನಾಲ್ಕು ವರ್ಷ ಹೀಗೇ ನಡೆದಿತ್ತು. ಒಂದು ಬೆಳಿಗ್ಗೆ ಬ್ಲೇಡಿನ ಬುಡದಲ್ಲಿ ಮರದ ಸಿಬಿರು ಸಿಕ್ಕಿಕೊಂಡಿತು. ಉಮ್ಮರ್ ಅದನ್ನು ಕೀಳಲು ಬಲಗೈ ಹಾಕಿದ. ಟ್ರಾಲಿ ಬಂದೇ ಬಿಟ್ಟಿತು. ಹೆಬ್ಬೆರಳೊಂದು ಉಳಿಯಿತು, ಮಿಕ್ಕ ನಾಲ್ಕೂ ಹೋದವು.

ಆಸ್ಪತ್ರೆಯಲ್ಲಿ ಉಮ್ಮರ್ ಹೇಳಿದ್ದು ಒಂದೇ ಮಾತು: "ನಾನು ಕೈ ಎತ್ತಿದ್ದೆ."

ಬೀಪಾತುಮ್ಮನಿಗೆ ಅಷ್ಟು ಸಾಕಾಯಿತು. ನೆಟ್ಟಗೆ ಮಿಲ್ಲಿನ ಗೇಟಿಗೆ ಹೋದಳು. ಲಾರಿಯವರು, ಕೂಲಿಯವರು, ದಾರಿಹೋಕರು ಎಲ್ಲರ ಎದುರು ಭೋಜನನ್ನು ಹಿಡಿದು ನಿಲ್ಲಿಸಿದಳು.

"ಕಣ್ಣು ಎಲ್ಲಿ ಇಟ್ಟಿದ್ದೆ ನೀನು? ನನ್ನ ಮನೆಗೆ ಅನ್ನ ತರುವ ಕೈ ತೆಗೆದಿಯಲ್ಲಾ! ನಿನ್ನ ಆ ಕೈಯಲ್ಲಿ ನಿನಗೆ ಒಂದು ತುತ್ತು ಉಣ್ಣಲಿಕ್ಕೆ ಸಿಗದೆ ಹೋಗಲಿ!"

ಭೋಜನ ತಲೆಯ ತುಂಬ ಮರದ ಹುಡಿ. ಆತ ಅದನ್ನೂ ಕೊಡವದೆ ತಲೆ ತಗ್ಗಿಸಿ ನಿಂತಿದ್ದ. ವಾರದೊಳಗೆ ಕೆಲಸ ಬಿಟ್ಟು ಬೆಳುವಾಯಿಯಲ್ಲಿ ಹೆಂಡತಿಯ ಮನೆ ಸೇರಿಕೊಂಡ.

ಉಮ್ಮರ್ ಮಾತ್ರ ಆಮೇಲೆ ಮಿಲ್ಲಿನ ಹೆಸರೆತ್ತಲಿಲ್ಲ. ದಿಮ್ಮಿ ಹೊತ್ತ ಲಾರಿಗಳು ಕಾಣದ ಹಾಗೆ ಜಗಲಿಯಲ್ಲಿ ರಸ್ತೆಗೆ ಬೆನ್ನು ಹಾಕಿ ಕೂರುತ್ತಿದ್ದ. ಮಸೀದಿಗೆ ಹೋಗಿ ಬಂದು ಮತ್ತೆ ಅದೇ ಗೋಡೆಯನ್ನು ನೋಡುತ್ತಿದ್ದ. ಎಂಟು ವರ್ಷ ಒಂದು ಗೋಡೆಯಲ್ಲಿ ನೋಡುವಂಥದ್ದು ಏನಿರುತ್ತದೆ, ನೀವೇ ಹೇಳಿ.

ಹೀಗಿರುವಾಗ ಬೀಪಾತುಮ್ಮನ ತಮ್ಮ ಇಮ್ತಿಯಾಝ್ ದುಬೈಯಿಂದ ರಜೆಗೆ ಬಂದ. ಅವನು ಕಾರು ಓಡಿಸುತ್ತಿದ್ದ ಮನೆಯ ಬಿಳಿಯ ಸಾಹೇಬ ತನ್ನ ದೇಶಕ್ಕೆ ಹೊರಟಾಗ ಒಂದು ಪೆಟ್ಟಿಗೆ ಕೊಟ್ಟಿದ್ದನಂತೆ. ಮುಚ್ಚಳದ ಮೇಲೆ ಒಂದು ಮರದ ಮಿಲ್ಲಿನ ಚಿತ್ರ. ಒಳಗೆ ಕಡ್ಡಿಯಷ್ಟು ತೆಳುವಾದ ನೂರಾರು ಮರದ ಪಟ್ಟಿಗಳು, ಸೀಸದ ಪುಟ್ಟ ಬ್ಲೇಡು, ಚಕ್ರ, ಟ್ರಾಲಿ, ಉಗುರಿನುದ್ದದ ನಾಲ್ಕು ಮನುಷ್ಯರು. ಎಲ್ಲವನ್ನೂ ಕೈಯಲ್ಲೇ ಕೊಯ್ದು ಅಂಟಿಸಿ ಮಿಲ್ಲು ಮಾಡಬೇಕು.

"ಭಾವನಿಗೆ ಮಿಲ್ಲೆಂದರೆ ಪ್ರಾಣ ಅಲ್ವಾ ಅಕ್ಕ, ಅದಕ್ಕೆ ತಂದೆ" ಎಂದ ಆ ಮಹಾನುಭಾವ.

ಉಮ್ಮರ್ ಚಿತ್ರ ನೋಡಿದ. ನಮಾಝಿನ ಹೊತ್ತಲ್ಲದಿದ್ದರೂ ಎದ್ದು ಮಸೀದಿಯ ಕಡೆ ನಡೆದ.

"ನಿನ್ನ ತಲೆಯಲ್ಲಿ ಎಂತ ಉಂಟು ಮಾರಾಯ?" ಬೀಪಾತುಮ್ಮ ತಮ್ಮನಿಗೆ ಚೆನ್ನಾಗಿ ಬಿಸಿ ಮುಟ್ಟಿಸಿದಳು. ಹೋಗುವಾಗ ಅವನು ಬಾಗಿಲಲ್ಲಿ ನಿಂತು, "ಹೇಗೂ ಇದು ನಮ್ಮಿಂದ ಆಗುವ ಕೆಲಸ ಅಲ್ಲ ಬಿಡು. ಇದಕ್ಕೆ ಭಾರೀ ನಾಜೂಕಿನ ಕೈ ಬೇಕಂತೆ" ಎಂದ.

ಆ ಮಾತೊಂದನ್ನು ಅವನು ಆಡಬಾರದಿತ್ತು. ದಿನಕ್ಕೆ ಸಾವಿರ ಬೀಡಿ ಕಟ್ಟುವವಳಿಗೆ ನಾಜೂಕಿನ ಪಾಠವೇ? ಅಟ್ಟ ಸೇರಿದ್ದ ಪೆಟ್ಟಿಗೆ ಮರುದಿನವೇ ಕೆಳಗೆ ಇಳಿಯಿತು.

ಇಂಗ್ಲಿಷ್ ಬಾರದಿದ್ದರೇನು, ಹಾಳೆಯಲ್ಲಿ ಚಿತ್ರವಿತ್ತು, ಅಂಕಿಗಳಿದ್ದವು. ಬೀಡಿ ಮುಗಿಸಿ ಮಧ್ಯಾಹ್ನ ಒಂದು ಗಂಟೆ ಅದಕ್ಕೆಂದೇ ಕೂತಳು. ಎಲೆ ಕತ್ತರಿಸುವ ಕತ್ತರಿಯಿಂದಲೇ ಪಟ್ಟಿಗಳನ್ನು ಕತ್ತರಿಸಿದಳು. ಹೊಸ ಮರದ ಬಿಳಿಚು ಬಣ್ಣ ಹೋಗಲೆಂದು ಚಾದ ಕಷಾಯದಲ್ಲಿ ನೆನೆಸಿ ಒಣಗಿಸಿದಳು. ಮೊಳೆ ಹೊಡೆದ ಗುರುತಿಗೆ ಹಲಗೆ ಹಲಗೆಗೂ ಸೂಜಿಮೊನೆ ಒತ್ತಿದಳು. ಪೆಟ್ಟಿಗೆಯ ಅಂಟು ಯಾವ ಕಾಲದಲ್ಲೋ ಒಣಗಿ ಕಲ್ಲಾಗಿತ್ತು. ಪೇಟೆಯಿಂದ ತಂದ ಅಂಟು ಆಷಾಢದ ತೇವಕ್ಕೆ ಹಿಡಿಯಲಿಲ್ಲ. ಸರಿ, ಅಡ್ಡೆಗೂ ತೊಲೆಗೂ ಬೀಡಿಯ ನೂಲು ಸುತ್ತಿ ಗಂಟು ಹಾಕಿದಳು. ಯಾವ ಸಾಹೇಬನೂ ತನ್ನ ಮಿಲ್ಲನ್ನು ಹಾಗೆ ಕಟ್ಟಿರಲಿಕ್ಕಿಲ್ಲ.

ಹದಿನೈದು ದಿನ ಉಮ್ಮರ್ ಅತ್ತ ಮುಖ ಹಾಕಲಿಲ್ಲ. ಹದಿನಾರನೇ ದಿನ ಬೀಪಾತುಮ್ಮ ಬ್ಲೇಡು ಕೂರಿಸುತ್ತಿದ್ದಾಗ ಬೆನ್ನ ಹಿಂದಿನಿಂದ ಸ್ವರ ಕೇಳಿತು.

"ಹಲ್ಲು ಆಚೆಗೆ ಮಾಡಿ ಇಟ್ಟಿದ್ದೀಯಲ್ಲಾ! ಮರ ಎಂತ, ಹಿಂದೆ ಹಿಂದೆ ನಡೆದುಕೊಂಡು ಬರುತ್ತದಾ?"

ಆಕೆಗೆ ಕತ್ತರಿ ಕೈಯಿಂದ ಬೀಳುವುದೊಂದು ಬಾಕಿ. ಎಂಟು ವರ್ಷದ ಮೇಲೆ ಗಂಡನ ಬಾಯಲ್ಲಿ ಮಿಲ್ಲಿನ ಮಾತು! ಸಂತೋಷಕ್ಕೆ ನಗು ತುಟಿಯವರೆಗೆ ಬಂತು. ಆದರೂ ಬಿಟ್ಟುಕೊಡದೆ, "ಗೊತ್ತಿದ್ದವರು ಹತ್ತಿರ ಕೂತು ಹೇಳಬೇಕು. ದೂರ ನಿಂತು ಪಂಚಾಯ್ತಿಕೆ ಬೇಡ" ಎಂದಳು.

ಉಮ್ಮರ್ ಕೂತ. ಅಂದಿನಿಂದ ದಿನವೂ ಕೂತ. ದುಂಡು ಬ್ಲೇಡು ನೋಡಿ, ನಮ್ಮದು ಉದ್ದ ಪಟ್ಟಿಯ ಬ್ಲೇಡು, ಇದೆಂತ ಚಕ್ಕುಲಿ ಎಂದು ಹೀಯಾಳಿಸಿದ. ಟ್ರಾಲಿಯ ಜಾಗ ಬದಲಿಸಿದ, ಬಾಗಿಲು ಇತ್ತಲಿಂದ ಅತ್ತ ಹಾಕಿಸಿದ. ದುಬೈಯ ಮಿಲ್ಲು ದಿನದಿಂದ ದಿನಕ್ಕೆ ಪಾಣೆಮಂಗಳೂರಿನ ಮಿಲ್ಲಾಯಿತು. ಗೋಡೆ ನೋಡುತ್ತಿದ್ದ ಕಣ್ಣು ಬೆಳಗ್ಗೆಯೇ ತಡ್ಪೆಯ ಮೇಲಿನ ಮಿಲ್ಲನ್ನು ಹುಡುಕುತ್ತಿತ್ತು.

ಮಿಲ್ಲಿಗೆ ಮಾಡು ಹೊದಿಸಿದ ದಿನ ಸೂರು ನಡುವೆ ತಗ್ಗಿತು. ಬೀಪಾತುಮ್ಮ ತಲೆ ಕೆರೆದುಕೊಂಡಳು.

"ನಮ್ಮಲ್ಲೂ ಹೀಗೇ ತಗ್ಗಿತ್ತು" ಎಂದ ಉಮ್ಮರ್. "ಆಮೇಲೆ ಒಂದು ಕಂಬ ಕೊಟ್ಟರು."

ಉಳಿದ ಪಟ್ಟಿಯಿಂದ ಒಂದು ಕಂಬ ಕತ್ತರಿಸಿ ಆಕೆ ನಡುವೆ ನಿಲ್ಲಿಸಿದಳು. "ಅಲ್ಲಲ್ಲ. ಇನ್ನೊಂದು ಚೂರು ಈಚೆ. ಬ್ಲೇಡಿನ ಹತ್ತಿರ" ಎಂದ. ಅವನ ಸ್ವರ ಯಾಕೋ ಇಳಿದಿತ್ತು. ಕಂಬ ನಿಂತಿತು, ಮಾಡು ನೆಟ್ಟಗಾಯಿತು. ಉಮ್ಮರ್ ಎಡಗೈಯಲ್ಲಿ ಸೀಸದ ಇಬ್ಬರು ಮನುಷ್ಯರನ್ನು ಎತ್ತಿಕೊಂಡ. ಒಬ್ಬನನ್ನು ಟ್ರಾಲಿಯ ಹಿಂದೆ ಇಟ್ಟ. ಇನ್ನೊಬ್ಬನನ್ನು ಕಂಬದ ಆಚೆ ಮಗ್ಗುಲಿಗೆ ಇಟ್ಟ.

"ಇವ ಭೋಜ. ಇವ ನಾನು, ಆ ದಿನ" ಎಂದ.

ಬೀಪಾತುಮ್ಮ ಬಗ್ಗಿ ಟ್ರಾಲಿಯ ಕಡೆಯಿಂದ ನೋಡಿದಳು. ಕಂಬದ ಆಚೆ ನಿಂತವನ ತಲೆಯಿಲ್ಲ, ಕೈಯಿಲ್ಲ. ಏನೂ ಕಾಣಿಸುತ್ತಿರಲಿಲ್ಲ.

"ಹಾಗಾದರೆ ನೀವು ಕೈ ಎತ್ತಿದ್ದು..."

"ಎತ್ತಿದ್ದು ಹೌದು. ಅವನಿಗೆ ಕಾಣಲಿಲ್ಲ, ಇಳಿಸಿದೆ ಎಂದು ತಳ್ಳಿದ. ಕಂಬದ ಆಚೆ ನಾನು ಹೋಗಬಾರದಿತ್ತು. ಬ್ಲೇಡು ತಿರುಗುವಾಗ ಕೈ ಹಾಕಬಾರದಿತ್ತು."

"ಗೊತ್ತಿತ್ತಾ ನಿಮಗೆ?"

"ಆಸ್ಪತ್ರೆಯಲ್ಲೇ ಗೊತ್ತಿತ್ತು. ತಪ್ಪು ನನ್ನದೇ ಎಂದರೆ ಈ ಕೈ ಸುಮ್ಮನೆ ಹೋಯಿತು ಅಂತ ಆಗುತ್ತಿತ್ತು ಬೀಪಾತು. ಅದನ್ನು ತಡೆಯಲಿಕ್ಕೆ ಆಗಲಿಲ್ಲ."

ಎರಡು ದಿನ ಆ ಮನೆಯಿಂದ ಸ್ವರ ಹೊರಗೆ ಬರಲಿಲ್ಲ. ಹುಷಾರಿಲ್ಲವೇ ಎಂದು ನೆರೆಯವರು ಬಂದು ವಿಚಾರಿಸಿದರು. ಬೀಪಾತುಮ್ಮನಿಗೆ ಗಂಡನ ಮೇಲೆ ಸಿಟ್ಟಿತ್ತು. ಅದಕ್ಕಿಂತ ಹೆಚ್ಚು ನಾಚಿಕೆ ತನ್ನ ನಾಲಗೆಯದು. ಗೇಟಿನ ಎದುರು ಹುಡಿಮೆತ್ತಿದ ತಲೆ ತಗ್ಗಿಸಿ ನಿಂತಿದ್ದ ಭೋಜ ಕಣ್ಣ ಮುಂದಿನಿಂದ ಹೋಗುತ್ತಲೇ ಇರಲಿಲ್ಲ. ಮೂರನೇ ದಿನ ತಡ್ಪೆಯ ಮೇಲಿದ್ದ ಮಿಲ್ಲಿಗೆ ಬಿಳಿ ಬಟ್ಟೆ ಮುಚ್ಚಿದಳು.

"ಹೊರಡಿ. ಬೆಳುವಾಯಿಗೆ ಹೋಗುವ."

ಬಿ.ಸಿ. ರೋಡಿನಿಂದ ಮೂಡುಬಿದಿರೆಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ದಾರಿಯ ಹೊಂಡವೆಲ್ಲ ಬೀಪಾತುಮ್ಮನ ಮಡಿಲಿಗೇ ಬಂದಂತಿತ್ತು. "ಎಂತ ಬ್ಯಾರ್ತಿ, ತಿಂಡಿಯಾ?" ಎಂದು ಕಂಡಕ್ಟರ್ ಬಟ್ಟೆ ಎತ್ತಲು ಬಂದು ಬೈಸಿಕೊಂಡ. ಒಳಗೆ ಒಂದು ಗಂಟೂ ಬಿಚ್ಚಲಿಲ್ಲ.

ಮಳೆ ಬಿಟ್ಟು ಬಿಸಿಲು ಬಿದ್ದ ಅಂಗಳದಲ್ಲಿ ಭೋಜ ಭತ್ತ ಹರವುತ್ತಿದ್ದ. ಬಂದವರನ್ನು ಕಂಡು ಕಲ್ಲಿನಂತೆ ನಿಂತ.

"ಭೋಜಣ್ಣ, ಈ ಸಲ ಬೈಯಲಿಕ್ಕೆ ಬಂದದ್ದಲ್ಲ" ಎಂದಳು ಬೀಪಾತುಮ್ಮ. ತಡ್ಪೆಯನ್ನು ಜಗಲಿಯ ಮೇಲಿಟ್ಟು ಬಟ್ಟೆ ತೆಗೆದಳು. "ಇಲ್ಲಿ ಟ್ರಾಲಿಯ ಹಿಂದೆ ಕಣ್ಣಿಟ್ಟು ನೋಡಿ. ಆಚೆ ಇವರು ಕಾಣುತ್ತಾರಾ?"

ಭೋಜ ಮಂಡಿಯೂರಿದ. ಬಹಳ ಹೊತ್ತು ನೋಡಿದ.

"ಕಾಣುವುದಿಲ್ಲ" ಎಂದ. "ಉಮ್ಮರಾಕ, ನೀವು ಎತ್ತಿದ ಕೈ ಕಾಣದ್ದು ನನ್ನ ಕಣ್ಣಿನ ತಪ್ಪು ಅಂತಲೇ ನಾನು ಎಣಿಸಿದ್ದು. ಇಷ್ಟು ವರ್ಷ."

"ತಪ್ಪು ನನ್ನದು ಭೋಜ. ಗೊತ್ತಿದ್ದೂ ಬಾಯಿ ಮುಚ್ಚಿ ಕೂತದ್ದು ಇನ್ನೂ ದೊಡ್ಡ ತಪ್ಪು" ಎಂದ ಉಮ್ಮರ್. ಭೋಜ ಅವನ ಬೆರಳಿಲ್ಲದ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅತ್ತುಬಿಟ್ಟ. ಉಮ್ಮರನೂ ಅತ್ತ.

ಭೋಜನ ಹೆಂಡತಿ ಸರಸ ಊಟಕ್ಕೆ ಎಬ್ಬಿಸದೆ ಬಿಡಲಿಲ್ಲ. ಕುಚ್ಚಲಕ್ಕಿ ಅನ್ನ, ಬೂತಾಯಿ ಮೀನಿನ ಸಾರು. ಭೋಜ ಕೂತಲ್ಲಿ ತಟ್ಟೆಯ ಪಕ್ಕ ಒಂದು ಚಮಚ ಇತ್ತು.

"ಅದೆಂತ ಚಮಚ?" ಬೀಪಾತುಮ್ಮ ಕೇಳಿದಳು.

ಸರಸ ತಲೆ ತಗ್ಗಿಸಿ ಮೆಲ್ಲಗೆ ಹೇಳಿದಳು: "ಆ ದಿನದಿಂದ ಅವರು ಅನ್ನಕ್ಕೆ ಕೈ ಹಾಕಿದ್ದಿಲ್ಲ. ನೀವು ಹೇಳಿದ್ದು ಅವರಿಗೆ ಹಾಗೇ ಉಳಿದುಹೋಯಿತು."

ಬೀಪಾತುಮ್ಮನ ಕಣ್ಣು ತುಂಬಿ ತಟ್ಟೆ ಮಸುಕಾಯಿತು. ಕಡೆಗೆ ಸೆರಗಿನಿಂದ ಮುಖ ಒರೆಸಿಕೊಂಡು, "ಭೋಜಣ್ಣ, ಹೇಳಿದ ಬಾಯಿ ಇಲ್ಲೇ ಕೂತಿದೆ. ಅದೇ ಬಾಯಿ ಹೇಳುತ್ತದೆ, ಆ ಚಮಚ ಆಚೆ ಇಡಿ. ಕೈಯಲ್ಲಿ ಉಣ್ಣಿ. ಅಲ್ಲಿಯವರೆಗೆ ನಾನು ಒಂದು ಅಗುಳು ಮುಟ್ಟುವುದಿಲ್ಲ" ಎಂದಳು.

ಭೋಜನ ಬಲಗೈ ಅನ್ನದ ಮೇಲೆ ಬಂದು ನಿಂತಿತು. ಮುಂದೆ ಹೋಗಲಿಲ್ಲ. ಅವನು ತಲೆಯೆತ್ತಿ ಎದುರು ಕೂತ ಉಮ್ಮರನನ್ನು ನೋಡಿದ.

ಇಬ್ಬರ ನಡುವೆ ಈಗ ಕಂಬ ಇರಲಿಲ್ಲ. ಉಮ್ಮರ್ ಎಡಗೈಯನ್ನು ತಲೆಯ ಮಟ್ಟಕ್ಕೆ ಎತ್ತಿದ. ಭೋಜನಿಗೆ ಚೆನ್ನಾಗಿ ಕಾಣುವಷ್ಟು ಹೊತ್ತು ಹಾಗೇ ಹಿಡಿದ. ಆಮೇಲೆ ಮೆಲ್ಲಗೆ ಇಳಿಸಿದ.

ಭೋಜ ಅಳುನಗುವಿನಲ್ಲೇ ಅನ್ನ ಕಲಸಿ ತುತ್ತು ಬಾಯಿಗಿಟ್ಟ. ಸರಸ ಚಮಚವನ್ನು ಎತ್ತಿಕೊಂಡು ಒಳಗೆ ಹೋದಳು.