ಒಮ್ಮೆಲೇ ಮಾಗಿದ ಗೋಧಿ

ಊರವರಿಗೆಲ್ಲ ಅವಳು ಮಿಷನ್ ಅಕ್ಕ. ಗೋಧಿ ಕೊಯ್ಯುವ ದೊಡ್ಡ ಯಂತ್ರ ಓಡಿಸುವವಳು. ಬೆನ್ನುನೋವೆಂದು ಗಂಡ ಸ್ಟೀರಿಂಗ್ ಬಿಟ್ಟಾಗ ಹತ್ತಿ ಕೂತವಳು ಮತ್ತೆ ಇಳಿದಿರಲಿಲ್ಲ. "ನನಗಿಂತ ಆ ಡಬ್ಬಾನೇ ಹೆಚ್ಚು ನಿಂಗೆ" ಎಂದು ಅವನು ರೇಗಿಸಿದರೆ, "ಅದು ಗೊರಕೆ ಹೊಡೆಯಲ್ಲ" ಎನ್ನುತ್ತಿದ್ದಳು.

ಮೊದಲೆಲ್ಲ ಕೊಯ್ಲಿಗೆ ಇಷ್ಟು ಅವಸರವಿರಲಿಲ್ಲ. ಹೊಳೆಯಂಚಿನ ಹೊಲಗಳು ಮೊದಲು ಮಾಗುತ್ತಿದ್ದವು, ಆಮೇಲೆ ನಡುವಿನ ಬಯಲು, ಕೊನೆಗೆ ತಂಪಾದ ಗುಡ್ಡದ ಇಳಿಜಾರು. ಬೆಳೆಯ ಹಿಂದೆಯೇ ಯಂತ್ರ ನಿಧಾನವಾಗಿ ಮೇಲೇರುತ್ತಿತ್ತು. ಗುಡ್ಡದ ಮೇಲೆ ಅವಳ ತಮ್ಮನ ಹೊಲ. ಅದನ್ನು ಕೊಯ್ದು, ಅವನ ಮನೆಯಲ್ಲಿ ಉಂಡು ಮಲಗಿದರೆ ಆ ವರ್ಷದ ಕೆಲಸ ಮುಗಿದಂತೆ.

ಈಚೆಗೆ ಬಿಸಿಲು ಮುಂಚೆಯೇ ಬರತೊಡಗಿತ್ತು. ಒಂದು ವರ್ಷವಂತೂ ಚಳಿ ಪೂರ್ತಿ ಹೋಗುವ ಮೊದಲೇ ಬೆಂಕಿಯಂಥ ಗಾಳಿ ಬೀಸಿ, ಮೇಲಿನ ಹೊಲ ಕೆಳಗಿನ ಹೊಲವೆನ್ನದೆ ಎಲ್ಲವೂ ಒಂದೇ ವಾರದಲ್ಲಿ ಒಣಗಿ ನಿಂತವು. "ಅಕ್ಕ, ಮುಟ್ಟಿದ್ರೆ ಕಾಳು ಉದುರ್ತಿದೆ, ಇವತ್ತೇ ಬನ್ನಿ" ಎಂದು ಫೋನಿನ ಮೇಲೆ ಫೋನು. ಎಲ್ಲರಿಗೂ ಇವತ್ತೇ ಬೇಕು, ಯಂತ್ರ ಒಂದೇ. ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ತುತ್ತು ಬಾಯಿಗಿಡುವಾಗಲೂ ಕಣ್ಣು ಗುಡ್ಡದ ಕಡೆಗೇ.

ತಮ್ಮ ಮಾತ್ರ ಫೋನ್ ಮಾಡಲಿಲ್ಲ. ಅದೇ ಅವಳನ್ನು ಹೆಚ್ಚು ಕೊರೆಯಿತು. ತಾನೇ ಮಾಡಿದಳು.

"ಯಾಕೋ ಸುಮ್ಮನಿದ್ದೀಯ?"

"ನೀನು ಮಾತು ಕೊಟ್ಟೋರದ್ದು ಮುಗಿಸಿ ಬಾ ಅಕ್ಕ."

ಆಗ ಅವಳು ಬಯಲಿನ ಮುದುಕಿಯೊಬ್ಬಳ ಹೊಲವನ್ನು ಅರ್ಧ ಕೊಯ್ದಿದ್ದಳು. ಬಿಟ್ಟು ಹೋಗಲೂ ಮನಸ್ಸಿಲ್ಲ, ಇರಲೂ ಮನಸ್ಸಿಲ್ಲ. ವೇಗ ಹೆಚ್ಚಿಸಿದಳು. ಮೂಲೆಗಳಲ್ಲಿ ಪೈರು ಹಾಗೇ ಉಳಿಯಿತು.

"ಇದೇನಮ್ಮ, ಕೊಯ್ಲೋ, ಮೂಲೆಗೊಂದು ಜುಟ್ಟು ಬಿಡೋ ಕ್ಷೌರವೋ?" ಎಂದು ಮುದುಕಿ ಬದುವಿನಿಂದ ಕೂಗಿದಳು.

ನಾಚಿಕೆಯಾಗಿ ಯಂತ್ರ ತಿರುಗಿಸಿ ಮೂಲೆಗಳನ್ನೂ ಕೊಯ್ದಳು.

ಗುಡ್ಡ ಹತ್ತುವಷ್ಟರಲ್ಲಿ ಮರುದಿನ ಮಧ್ಯಾಹ್ನವಾಗಿತ್ತು. ನೆಲಕ್ಕೆ ಉದುರಿದ್ದು ಅವಳು ಹೆದರಿದಷ್ಟೇನೂ ಇರಲಿಲ್ಲ. ತೆನೆಯೊಂದನ್ನು ಅಂಗೈಯಲ್ಲಿ ಉಜ್ಜಿ ಊದಿದಳು. ಹೊಟ್ಟಿನ ಜೊತೆ ಕಾಳೂ ಹಾರಿಹೋಯಿತು. ಬರೀ ಜೊಳ್ಳು. ಕಾಳಿಗೆ ಹಾಲು ತುಂಬುವ ಹೊತ್ತಿಗೇ ಬಿಸಿಗಾಳಿ ಹೊಡೆದಿತ್ತು. ಇಡೀ ಹೊಲ ಕೊಯ್ದರೂ ಯಂತ್ರದ ತೊಟ್ಟಿ ಅರ್ಧ ತುಂಬಲಿಲ್ಲ.

"ನೀನು ವಾರದ ಮುಂಚೆ ಬಂದಿದ್ರೂ ಇಷ್ಟೇ ಸಿಗ್ತಿತ್ತು" ಎಂದ ತಮ್ಮ.

"ನನ್ನ ಸಮಾಧಾನಕ್ಕೆ ಹೇಳ್ಬೇಡ."

"ಸಮಾಧಾನ ನನಗೂ ಬೇಕಲ್ಲ ಅಕ್ಕ."

ಮುಂದಿನ ಬಿತ್ತನೆಗೆ ಅವನು ಬೇಗ ಮಾಗುವ ತಳಿ ತಂದ, ಅರ್ಧ ಹೊಲಕ್ಕೆ ಕಡಲೆ ಹಾಕಿದ. ಅವಳು ಮನೆಮನೆಗೆ ಹೋಗಿ, ಎಲ್ಲರೂ ಒಟ್ಟಿಗೆ ಬಿತ್ತದೆ ಒಬ್ಬರಾದ ಮೇಲೊಬ್ಬರು ವಾರದ ಅಂತರದಲ್ಲಿ ಬಿತ್ತಿ ಎಂದು ಕೇಳಿಕೊಂಡಳು. ಕೆಲವರು ಒಪ್ಪಿದರು. ಕೆಲವರು, "ಬಿಸಿಲಿಗೂ ಹೋಗಿ ಹೇಳಿ ಬಾ" ಎಂದು ನಕ್ಕರು. ಆ ಸಲ ಕೊಯ್ಲು ತುಸು ಬಿಡುವು ಕೊಟ್ಟು ಬಂತು, ತಮ್ಮನ ಗೋಧಿಯೂ ಕಾಳು ಕಟ್ಟಿತು.

ಆದರೂ ಈಗ ಚಳಿ ಸಡಿಲಾಯಿತೆಂದರೆ ಅವಳಿಗೆ ಮನೆಯೊಳಗೆ ಕಾಲು ನಿಲ್ಲುವುದಿಲ್ಲ. ಗಂಡ ಫೋನ್ ಮಾಡಿ ಊಟಕ್ಕೆ ಕರೆದರೆ, ಯಾರದೋ ಹೊಲದ ನಡುವೆ ತೆನೆ ಉಜ್ಜಿ ನೋಡುತ್ತಲೇ "ಬಂದೆ" ಎನ್ನುತ್ತಾಳೆ, ಬರುವುದಿಲ್ಲ.